ಕಾರಣ ಬೇರೆ, ನೆಪ ಬೇರೆ: ಫು ಯುವಾನ್‌ಹುಯಿ ಆಡಿದ ಎರಡು ಮಾತು

ಫು ಯುವಾನ್‌ಹುಯಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ತಟ್ಟನೆ ಗೊತ್ತಾಗಲಿಕ್ಕಿಲ್ಲ. ಆದರೆ ಈಜುಕೊಳದಿಂದ ಆಗಷ್ಟೇ ಎದ್ದು ಬಂದು, ಟಿವಿ ಮೈಕಿನ ಮುಂದೆ ಕಣ್ಣರಳಿಸಿ, ನಾನು ಅಷ್ಟು ವೇಗವಾಗಿ ಈಜಿದೆನಾ ಎಂದು ಮಗುವಿನಂತೆ ಬೆರಗಾದ ಚೀನಾದ ಹುಡುಗಿ ಎಂದರೆ ಕೆಲವರಿಗಾದರೂ ನೆನಪಾದೀತು. 2016ರ ಆಗಸ್ಟಿನಲ್ಲಿ ರಿಯೊ ಒಲಿಂಪಿಕ್ಸ್ ನಡೆಯುತ್ತಿದ್ದಾಗ ಆ ವಿಡಿಯೋ ಫೋನಿನಿಂದ ಫೋನಿಗೆ ಹಾರಿ ಜಗತ್ತು ಸುತ್ತಿತು. ಈಗಲೂ ಹುಡುಕಿದರೆ ಸಿಗುತ್ತದೆ.

ಆ ಹುಡುಗಿ ಒಂದೇ ವಾರದಲ್ಲಿ ಎರಡು ಸಲ ಕ್ಯಾಮೆರಾ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೊದಲನೆಯದನ್ನು ಕೇಳಿ ಎಲ್ಲರೂ ನಕ್ಕರು, ಮನೆಮಂದಿಗೆಲ್ಲ ತೋರಿಸಿದರು. ಎರಡನೆಯದನ್ನು ನಮ್ಮ ಕಡೆಯ ಮನೆಗಳಲ್ಲಿ ಯಾರೂ ಯಾರಿಗೂ ತೋರಿಸಿದ ಹಾಗಿಲ್ಲ. ಆದರೆ ನಮಗೆ ಬೇಕಾದದ್ದು ಆ ಎರಡನೆಯದೇ ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುವ ಮೊದಲು ಆಕೆಯ ಕತೆಯನ್ನು ಸ್ವಲ್ಪ ಹೇಳಬೇಕು.

ಫು ಹುಟ್ಟಿದ್ದು 1996ರ ಜನವರಿಯಲ್ಲಿ, ಚೀನಾದ ಝೆಜಿಯಾಂಗ್ ಪ್ರಾಂತ್ಯದ ಹಾಂಗ್‌ಝೌ ನಗರದಲ್ಲಿ. ಆಕೆಯದು ಬ್ಯಾಕ್‌ಸ್ಟ್ರೋಕ್, ಅಂದರೆ ಅಂಗಾತ ಮಲಗಿ ಕೈಗಳನ್ನು ಹಿಂದಕ್ಕೆ ಬೀಸುತ್ತಾ ಈಜುವುದು. 16 ವರ್ಷಕ್ಕೇ ಲಂಡನ್ ಒಲಿಂಪಿಕ್ಸ್‌ಗೆ ಹೋಗಿ 100 ಮೀಟರ್ ಫೈನಲಿನಲ್ಲಿ ಎಂಟನೆಯವಳಾದಳು. 2013ರ ಬಾರ್ಸಿಲೋನಾ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 50 ಮೀಟರಿಗೆ ಬೆಳ್ಳಿ, 2015ರ ಕಜಾನ್‌ನಲ್ಲಿ ಅದೇ ದೂರಕ್ಕೆ ಚಿನ್ನ. ಆಕೆಗೆ ಒಗ್ಗಿದ ಆ 50 ಮೀಟರ್ ಬ್ಯಾಕ್‌ಸ್ಟ್ರೋಕ್ ಆಗ ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಸೇರಿಸಲಾಗುತ್ತಿದೆ. ಹಾಗಾಗಿ ರಿಯೊದಲ್ಲಿ ತನ್ನ ಇಷ್ಟದ ದೂರದ ಎರಡು ಪಟ್ಟು ಈಜಬೇಕಿತ್ತು. ನಗಿಸುವ ವಿಡಿಯೋ ನೋಡಿದವರು ಇದನ್ನು ಮರೆಯಬಾರದು. ಆಕೆ ತಮಾಷೆ ಮಾಡಿ ಹೆಸರು ಗಳಿಸಿದವಳಲ್ಲ, ವಿಶ್ವ ಚಾಂಪಿಯನ್ ಆಗಿಯೇ ಅಲ್ಲಿಗೆ ಬಂದಿದ್ದವಳು.

ಆಗಸ್ಟ್ 7ರಂದು 100 ಮೀಟರ್ ಸೆಮಿಫೈನಲ್. ಈಜಿ ಮುಗಿಸಿ ಬಂದಾಗ ಚೀನಾ ಸರಕಾರಿ ಟಿವಿಯ ವರದಿಗಾರ್ತಿ ಸಮಯ ಹೇಳಿದರು, 58.95 ಸೆಕೆಂಡ್. ಫು ಬೆಚ್ಚಿಬಿದ್ದಳು. 59 ಸೆಕೆಂಡ್ ಆಗಿರಬಹುದು ಅಂದುಕೊಂಡಿದ್ದೆ, ಇಷ್ಟು ವೇಗವಾ ಎಂದು ಕೂಗಿದಳು. ಫೈನಲಿಗೆಂದು ಶಕ್ತಿ ಉಳಿಸಿಕೊಂಡಿದ್ದೀಯಾ ಎಂದು ಕೇಳಿದ್ದಕ್ಕೆ, ಇಲ್ಲ, ಒಳಗಿದ್ದ ಹೋಂಗ್‌ಹುವಾಂಗ್ ಶಕ್ತಿಯನ್ನೆಲ್ಲ ಖರ್ಚು ಮಾಡಿಬಿಟ್ಟೆ ಎಂದಳು. ಹೋಂಗ್‌ಹುವಾಂಗ್ ಎಂದರೆ ಭೂಮಿ ಆಕಾರ ಪಡೆಯುವ ಮೊದಲಿನ ಆದಿಕಾಲ. ಆ ಮಾತು 2015ರಲ್ಲಿ ಅಲ್ಲಿ ಭಾರೀ ಜನಪ್ರಿಯವಾಗಿದ್ದ ಒಂದು ಮಾಯಾಮಂತ್ರದ ಧಾರಾವಾಹಿಯಿಂದ ಬಂದದ್ದು. ನಾಳೆಯ ಫೈನಲಿನ ಬಗ್ಗೆ ಏನು ನಿರೀಕ್ಷೆ ಎಂಬ ಪ್ರಶ್ನೆಗೆ ಆಕೆಯ ಉತ್ತರ ಇನ್ನೂ ಚಿಕ್ಕದು: ಏನೂ ಇಲ್ಲ, ನನಗೆ ಈಗಲೇ ತೃಪ್ತಿಯಾಗಿದೆ.

ಇದರಲ್ಲಿ ಅಷ್ಟು ಮೆಚ್ಚುವಂಥದ್ದು ಏನಿದೆ ಎಂದು ನಮಗೆ ಅನಿಸಬಹುದು. ಅದು ತಿಳಿಯಬೇಕಾದರೆ ಅಲ್ಲಿನ ಕ್ರೀಡೆಯ ರೀತಿ ನೋಡಬೇಕು. ಚೀನಾದಲ್ಲಿ ಚಿಕ್ಕ ಮಕ್ಕಳನ್ನೇ ಆರಿಸಿ ಸರಕಾರಿ ಕ್ರೀಡಾ ಶಾಲೆಗಳಲ್ಲಿ ಇಟ್ಟು ಬೆಳೆಸುತ್ತಾರೆ. ಖರ್ಚು ದೇಶದ್ದು, ಪದಕವೂ ದೇಶದ್ದು. ಗೆದ್ದವರು ಮೊದಲು ದೇಶಕ್ಕೆ, ಕೋಚಿಗೆ ಕೃತಜ್ಞತೆ ಹೇಳಿ ತಲೆ ಬಾಗಿಸಿ ಹೋಗುವುದು ರೂಢಿ. ಲಂಡನ್‌ನಲ್ಲಿ 2012ರಲ್ಲಿ 56 ಕೆ.ಜಿ. ಭಾರ ಎತ್ತುವ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ವು ಜಿಂಗ್‌ಬಿಯಾವೊ ಟಿವಿ ಮುಂದೆ ಬಿಕ್ಕಿ ಬಿಕ್ಕಿ ಅತ್ತು ದೇಶದ ಕ್ಷಮೆ ಕೇಳಿದ್ದರು. ಜಗತ್ತಿಗೇ ಎರಡನೆಯವನಾದ ಮನುಷ್ಯ ಕ್ಷಮೆ ಕೇಳುತ್ತಾನೆ! ಲಂಡನ್‌ನಲ್ಲಿ ಆಗ 38 ಚಿನ್ನ ಗೆದ್ದಿದ್ದ ಚೀನಾ ರಿಯೊದಲ್ಲಿ 26ಕ್ಕೆ ಇಳಿಯಿತು. ಅಂಥ ಹೊತ್ತಿನಲ್ಲಿ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಫೈನಲಿನ ಹಿಂದಿನ ದಿನವೇ ನನಗೆ ತೃಪ್ತಿಯಾಯಿತು ಅನ್ನುತ್ತಾಳೆ. ಜನರಿಗೆ ಬಿಸಿಲಲ್ಲಿ ನಡೆದು ಬಂದವರಿಗೆ ಬೊಂಡ ಸಿಕ್ಕಿದಷ್ಟು ತಂಪಾಗಿರಬೇಕು.

ಮರುದಿನ ಫೈನಲ್. ಇಲ್ಲಿ ಬ್ಯಾಕ್‌ಸ್ಟ್ರೋಕಿನ ಒಂದು ಗುಟ್ಟು ಹೇಳಬೇಕು. ಬೇರೆ ಈಜುಗಳಲ್ಲಿ ಕಟ್ಟೆಯ ಮೇಲಿಂದ ಧುಮುಕುತ್ತಾರೆ, ಇದರಲ್ಲಿ ನೀರೊಳಗಿಂದಲೇ ಶುರು. ಮುಖ ಮೇಲಕ್ಕಿರುವುದರಿಂದ ಸೇರಬೇಕಾದ ಗೋಡೆ ಕಾಣುವುದಿಲ್ಲ. ಗೋಡೆಗೆ 5 ಮೀಟರ್ ಇರುವಾಗ ಮೇಲೆ ಅಡ್ಡಲಾಗಿ ಕಟ್ಟಿದ ಸಣ್ಣ ಬಾವುಟಗಳ ಸಾಲು ಸಿಗುತ್ತದೆ. ಅಲ್ಲಿಂದ ಕೈ ಎಷ್ಟು ಸಲ ಬೀಸಬೇಕೆಂದು ಲೆಕ್ಕ ಇಟ್ಟುಕೊಂಡು, ಕೊನೆಯ ಕೈಯನ್ನು ಹಿಂದಕ್ಕೆ ಎಸೆದು ಗೋಡೆಯ ಟಚ್ ಪ್ಯಾಡ್ ಮುಟ್ಟಬೇಕು. ಪಕ್ಕದವರು ಎಲ್ಲಿದ್ದಾರೆ, ತಾನು ಎಷ್ಟನೆಯವಳು ಎಂಬುದು ಬೋರ್ಡು ನೋಡುವವರೆಗೂ ಸರಿಯಾಗಿ ಗೊತ್ತಾಗುವುದಿಲ್ಲ. ಫುಗೆ ಬೋರ್ಡು ನೋಡಿದ ಮೇಲೂ ಗೊತ್ತಾಗಿರಲಿಲ್ಲ! ನಿನಗೆ ಕಂಚು ಬಂದಿದೆ ಎಂದು ವರದಿಗಾರ್ತಿಯೇ ಹೇಳಬೇಕಾಯಿತು.

ಹಂಗೇರಿಯ ಕಟಿಂಕಾ ಹೊಸ್ಸು 58.45ಕ್ಕೆ ಚಿನ್ನ, ಅಮೆರಿಕದ ಕ್ಯಾಥ್ಲೀನ್ ಬೇಕರ್ 58.75ಕ್ಕೆ ಬೆಳ್ಳಿ. ಫು ಮತ್ತು ಕೆನಡಾದ ಕೈಲಿ ಮಾಸ್ ಇಬ್ಬರದೂ 58.76, ಇಬ್ಬರಿಗೂ ಕಂಚು. ಬೆಳ್ಳಿ ತಪ್ಪಿದ್ದು ಸೆಕೆಂಡಿನ ನೂರನೇ ಒಂದಂಶಕ್ಕೆ. ಅದನ್ನು ಹೇಳಿದಾಗ ಫು, ಬಹುಶಃ ನನ್ನ ಕೈ ಗಿಡ್ಡವಾಯಿತು ಎಂದಳು. ಜನ ನಕ್ಕರು. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು, ಲೆಕ್ಕ ಹಾಕದೆ ಬಿಡುವುದಿಲ್ಲ. 100 ಮೀಟರನ್ನು 58.76 ಸೆಕೆಂಡಿನಲ್ಲಿ ಈಜಿದರೆ ಸರಾಸರಿ ವೇಗ ಸೆಕೆಂಡಿಗೆ 1.70 ಮೀಟರ್. ಸೆಕೆಂಡಿನ ನೂರನೇ ಒಂದಂಶದಲ್ಲಿ ಹೋಗುವ ದೂರ 1.7 ಸೆಂಟಿಮೀಟರ್, ಸುಮಾರು ಒಂದು ಹೆಬ್ಬೆರಳಿನ ಅಗಲ. ಅಂದರೆ ಆಕೆ ತಮಾಷೆಗೆ ಹೇಳಿದ್ದು ಅಳತೆಯಲ್ಲೂ ಸರಿಯಾಗಿಯೇ ಇದೆ.

ಇಬ್ಬರಿಗೂ ಕಂಚು ಕೊಟ್ಟದ್ದರ ಹಿಂದೆಯೂ ಒಂದು ಅಳತೆಯ ಕತೆ ಇದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಗಂಡಸರ 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅಮೆರಿಕದ ಟಿಮ್ ಮೆಕೀಯನ್ನು ಸೆಕೆಂಡಿನ ಸಾವಿರದ ಎರಡಂಶದಿಂದ ಸೋಲಿಸಿದರೆಂದು ತೀರ್ಪಾಯಿತು. ಆಮೇಲೆ ನಿಯಮವನ್ನೇ ಬದಲಿಸಿ ನೂರನೇ ಅಂಶಕ್ಕೆ ನಿಲ್ಲಿಸಿದರು. ಕಾಂಕ್ರೀಟಿನ ಕೊಳದಲ್ಲಿ ಒಂದೊಂದು ಲೇನಿನ ಉದ್ದದಲ್ಲೇ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಇರಬಹುದು. ಅಳೆಯಲಾಗದ್ದನ್ನು ಅಳೆದೆವು ಎಂದು ಹೇಳಿಕೊಳ್ಳುವುದಕ್ಕಿಂತ ಇಬ್ಬರೂ ಸಮ ಎನ್ನುವುದು ನ್ಯಾಯ. ನಮ್ಮ ವರ್ಕ್‌ಶಾಪಿನವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಇಷ್ಟಾಗುವಾಗ ಚೀನಾದ ವೈಬೊದಲ್ಲಿ ಆಕೆಯ ಖಾತೆ ಸ್ಫೋಟಿಸಿತ್ತು. ಕೆಲವು ಲಕ್ಷ ಇದ್ದ ಅಭಿಮಾನಿಗಳು ಕೆಲವೇ ದಿನಗಳಲ್ಲಿ ಹತ್ತಾರು ಲಕ್ಷವಾದರು. ಆಕೆಯ ಮುಖಭಾವಗಳನ್ನು ಕತ್ತರಿಸಿ ಕಾರ್ಟೂನು, ಸ್ಟಿಕರ್ ಮಾಡಿ ಹಂಚಿದರು. ಹೋಂಗ್‌ಹುವಾಂಗ್ ಶಕ್ತಿ ಎಂಬ ಮಾತು ಆ ವರ್ಷ ಚೀನೀ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಾದ ಹೊಸ ಮಾತುಗಳ ಪಟ್ಟಿ ಸೇರಿತು. ಚಿನ್ನ ಗೆದ್ದವರಿಗೂ ಸಿಗದ ಪ್ರೀತಿ ಕಂಚಿನವಳಿಗೆ ಸಿಕ್ಕಿತು.

ಪ್ರೀತಿ ಒಳ್ಳೆಯದೇ. ಆದರೆ ಸ್ಟಿಕರ್ ಆದ ಮುಖದಲ್ಲಿ ಉಳಿಯುವುದು ನಗು ಮಾತ್ರ. ಅದೇ ಸಂದರ್ಶನದಲ್ಲಿ ಆಕೆ, ನಾನು ಪಟ್ಟ ಪಾಡು ದೆವ್ವಕ್ಕೇ ಗೊತ್ತು, ಕೆಲವೊಮ್ಮೆ ಸತ್ತೇ ಹೋಗುತ್ತೇನೆ ಅನಿಸಿತ್ತು ಎಂಬರ್ಥದ ಮಾತನ್ನೂ ಆಡಿದ್ದಳು. ಅದನ್ನೂ ನಗುತ್ತಾ ಹೇಳಿದ್ದರಿಂದ ಜನ ಅದನ್ನೂ ತಮಾಷೆಯ ಲೆಕ್ಕಕ್ಕೇ ಹಾಕಿದರು. ಆಕೆ ನಮಗೆ ಇಷ್ಟವಾದದ್ದು ಯಾಕೆ? ಮುಖ ಸೊಟ್ಟ ಮಾಡುವ ಹುಡುಗಿಯರು ಫೋನಿನಲ್ಲಿ ಎಷ್ಟು ಬೇಕಾದರೂ ಸಿಗುತ್ತಾರೆ. ತೃಪ್ತಿಯಾದರೆ ತೃಪ್ತಿ, ನೋವಾದರೆ ನೋವು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳುವವರು ಸಿಗುವುದು ಕಷ್ಟ. ಆಕೆಯ ಜನಪ್ರಿಯತೆಯ ಬೇರು ಇರುವುದು ಅಲ್ಲಿ ಎಂದು ನಾನು ತಿಳಿದಿದ್ದೇನೆ. ಅದು ಹೌದೋ ಅಲ್ಲವೋ ಎಂಬ ಪರೀಕ್ಷೆ ಐದು ದಿನ ಕಳೆದು ಬಂತು.

ಆಗಸ್ಟ್ 13ರಂದು ಹೆಂಗಸರ 4×100 ಮೀಟರ್ ಮೆಡ್ಲೆ ರಿಲೇ. ನಾಲ್ವರಲ್ಲಿ ಮೊದಲು ನೀರಿಗಿಳಿಯುವುದು ಬ್ಯಾಕ್‌ಸ್ಟ್ರೋಕಿನವರು, ಅಂದರೆ ಫು. ಹಿಂದಿನ ವರ್ಷ ಕಜಾನ್‌ನಲ್ಲಿ ಇದೇ ರಿಲೇಯಲ್ಲಿ ಚೀನಾಕ್ಕೆ ಚಿನ್ನ ಬಂದಿತ್ತು, ಆ ತಂಡದಲ್ಲೂ ಆಕೆ ಇದ್ದಳು. ಈ ಸಲ ಅಮೆರಿಕ, ಆಸ್ಟ್ರೇಲಿಯಾ, ಡೆನ್ಮಾರ್ಕ್ ಆದ ಮೇಲೆ ಚೀನಾ ನಾಲ್ಕನೆಯದು. ಕಂಚು ತಪ್ಪಿದ್ದು ಸೆಕೆಂಡಿನ ಐದನೇ ಒಂದಂಶಕ್ಕಿಂತಲೂ ಕಡಿಮೆ ಅಂತರದಲ್ಲಿ. ತನ್ನ ಸ್ಪರ್ಧೆಯಲ್ಲಿ ಇದ್ದ ವೇಗ ಆಕೆಗೆ ಅಂದು ಬರಲಿಲ್ಲ. ಆ ವೇಗ ಬಂದಿದ್ದರೆ ತಂಡಕ್ಕೆ ಪದಕ ಸಿಗುತ್ತಿತ್ತು.

ಮೂವರು ಗೆಳತಿಯರು ಮೈಕಿನ ಮುಂದೆ ನಿಂತಿದ್ದಾಗ ಫು ಹಿಂದೆ ಹೊಟ್ಟೆ ಹಿಡಿದು ಕೂತಿದ್ದಳು. ಹೊಟ್ಟೆನೋವಾ ಎಂದು ವರದಿಗಾರ್ತಿ ಕೇಳಿದರು. ಆಕೆ ಎದ್ದು ಬಂದು ಹೇಳಿದ್ದರ ಸಾರ ಇಷ್ಟು: ನಿನ್ನೆ ನನಗೆ ಮುಟ್ಟಾಯಿತು, ಅದಕ್ಕೇ ಇವತ್ತು ತುಂಬ ಸುಸ್ತು. ಆದರೆ ಅದು ನೆಪ ಅಲ್ಲ, ನಾನು ಚೆನ್ನಾಗಿ ಈಜಲಿಲ್ಲ.

ಇದನ್ನು ಎರಡು ಸಲ ಓದಿ. ಮೊದಲ ವಾಕ್ಯದಲ್ಲಿ ಕಾರಣ ಇದೆ, ಎರಡನೆಯದರಲ್ಲಿ ಹೊಣೆ ಇದೆ. ಕಾರಣ ಹೇಳಿದಳೆಂದು ಹೊಣೆಯಿಂದ ಜಾರಿಕೊಳ್ಳಲಿಲ್ಲ. ಹೊಣೆ ಹೊರಬೇಕೆಂದು ಕಾರಣವನ್ನು ಮುಚ್ಚಿಡಲೂ ಇಲ್ಲ. ಮೇಂಟೆನೆನ್ಸ್ ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ. ಯಂತ್ರ ನಿಂತರೆ ಲಾಗ್ ಬುಕ್ಕಿನಲ್ಲಿ ಯಾಕೆ ನಿಂತಿತೆಂದು ಬರೆಯಬೇಕು. ಬೇರಿಂಗ್ ಬಿಸಿಯಾಯಿತು ಎಂದು ಬರೆದರೆ ಅದು ಕಾರಣ, ನಾಳೆಗೆ ಉಪಯೋಗಕ್ಕೆ ಬರುತ್ತದೆ. ಅದು ನನ್ನ ಶಿಫ್ಟಿನಲ್ಲಿ ಆದದ್ದಲ್ಲ ಎಂದು ಬರೆದರೆ ಅದು ನೆಪ, ಯಾರಿಗೂ ಉಪಯೋಗವಿಲ್ಲ. ಕಾರಣ ಬರೆಯಲು ಬಿಡದ ಕಡೆ ಎಲ್ಲರೂ ನೆಪವನ್ನೇ ಬರೆಯಲು ಕಲಿಯುತ್ತಾರೆ.

ಚೀನಾದಲ್ಲೂ ಇದು ಬಾಯಿಬಿಟ್ಟು ಹೇಳುವ ಮಾತಾಗಿರಲಿಲ್ಲ. ಅಲ್ಲಿ ಆಡುಮಾತಿನಲ್ಲಿ ಮುಟ್ಟಾಯಿತು ಎನ್ನುವುದಕ್ಕೆ ದೊಡ್ಡಮ್ಮ ಬಂದಿದ್ದಾಳೆ ಎನ್ನುತ್ತಾರೆ. ತಾಯಿಯ ಅಕ್ಕ ಮನೆಗೆ ಬಂದಂತೆ! ಫು ಹೇಳಿದ ಮೇಲೆ ಸಾವಿರಾರು ಹೆಂಗಸರು ಆಕೆಯನ್ನು ಮೆಚ್ಚಿ ಬರೆದರು. ಆ ದಿನಗಳಲ್ಲಿ ನೀರಿಗಿಳಿಯಲು ಆಗುತ್ತದಾ ಎಂದು ಕೇಳಿದವರೂ ಇದ್ದರು. ದೇಹದ ಒಳಗೆ ಇಡುವ ಟ್ಯಾಂಪನ್ ಎಂಬ ವಸ್ತು ಬಳಸಿ ಈಜಬಹುದು ಎಂದು ಗೊತ್ತಿದ್ದವರು ತಿಳಿಸಿಕೊಟ್ಟರು. ಚೀನಾದಲ್ಲಿ ಅದನ್ನು ಬಳಸುವವರೇ ಬಹಳ ಕಡಿಮೆ. ನಗುವ ಸ್ಟಿಕರುಗಳು ಕಟ್ಟಿಕೊಟ್ಟ ಜನಪ್ರಿಯತೆ ಇಲ್ಲಿ ಒಂದು ಕೆಲಸಕ್ಕೆ ಬಂತು. ಹೆಸರೇ ಇಲ್ಲದ ಈಜುಗಾರ್ತಿ ಇದೇ ಮಾತು ಹೇಳಿದ್ದರೆ ಎಷ್ಟು ಮಂದಿ ಕೇಳುತ್ತಿದ್ದರು? ವಾರದ ಮೊದಲು ನಕ್ಕು ಹತ್ತಿರವಾದವಳ ಮಾತಾದ್ದರಿಂದ ಕೇಳಿದರು.

ಪಶ್ಚಿಮದವರೆಲ್ಲ ಇದರಲ್ಲಿ ನಮಗಿಂತ ಮುಂದಿದ್ದಾರೆ ಅಂದುಕೊಳ್ಳಬೇಕಿಲ್ಲ. 2015ರ ಆಸ್ಟ್ರೇಲಿಯನ್ ಓಪನ್‌ನ ಮೊದಲ ಸುತ್ತಿನಲ್ಲೇ ಸೋತ ಬ್ರಿಟನ್ನಿನ ಟೆನಿಸ್ ಆಟಗಾರ್ತಿ ಹೀದರ್ ವಾಟ್ಸನ್, ಇದೆಲ್ಲ ಹುಡುಗಿಯರ ವಿಷಯ ಎಂದು ಸೂಚ್ಯವಾಗಿ ಹೇಳಿ ನಿಲ್ಲಿಸಿದ್ದರು. ಅಷ್ಟಕ್ಕೇ ದೊಡ್ಡ ಸುದ್ದಿಯಾಗಿತ್ತು. ವಿಂಬಲ್ಡನ್‌ನಲ್ಲಿ ಆಟಗಾರ್ತಿಯರು ಬಿಳಿ ಉಡುಪಿನ ಒಳಗೆ ಗಾಢ ಬಣ್ಣದ ಚಡ್ಡಿ ಹಾಕಬಹುದು ಎಂಬ ನಿಯಮ ಬಂದದ್ದೇ 2023ರಲ್ಲಿ.

ನಮ್ಮ ದೇಶದ ಉದಾಹರಣೆಯೂ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಣಿಪುರದ ಮೀರಾಬಾಯಿ ಚಾನು 49 ಕೆ.ಜಿ. ವಿಭಾಗದಲ್ಲಿ ಒಟ್ಟು 199 ಕೆ.ಜಿ. ಎತ್ತಿ ನಾಲ್ಕನೆಯವರಾದರು. ಕಂಚು ಗೆದ್ದ ಥಾಯ್ಲೆಂಡಿನವರು ಎತ್ತಿದ್ದು 200. ಟೋಕಿಯೊದಲ್ಲಿ ಬೆಳ್ಳಿ ಗೆದ್ದಿದ್ದವರು ಇಲ್ಲಿ ಒಂದು ಕೆ.ಜಿ.ಗೆ ಪದಕ ಕಳೆದುಕೊಂಡರು. ಸ್ಪರ್ಧೆ ಮುಗಿದ ಮೇಲೆ, ಇದು ನನ್ನ ಮುಟ್ಟಿನ ಮೂರನೇ ದಿನ, ದೇಹದ ಮೇಲೆ ಅದರ ಪರಿಣಾಮ ಆಗುತ್ತದೆ ಎಂದು ಅವರು ಹೇಳಿದರು. ಫು ಹೇಳಿ ಎಂಟು ವರ್ಷ ಕಳೆದಿತ್ತು. ಅದೇ ನಾಲ್ಕನೇ ಸ್ಥಾನ, ಅದೇ ನೇರ ಮಾತು.

ಈಗ ನಮ್ಮ ಮನೆಗಳಿಗೆ ಬರೋಣ. ನನ್ನ ಉಪ್ಪನದು ಮಂಜೇಶ್ವರ ತಾಲೂಕಿನ ಒಂದು ಸಣ್ಣ ಪೇಟೆಯಲ್ಲಿ ದಿನಸಿ ಅಂಗಡಿ. ಶಾಲೆ ಬಿಟ್ಟು ಬಂದು ನಾನೂ ಅಲ್ಲಿ ಸಾಮಾನು ಕಟ್ಟಿ ಕೊಡುತ್ತಿದ್ದೆ. ಅಕ್ಕಿ, ಮೆಣಸು, ತೆಂಗಿನೆಣ್ಣೆ ಕೇಳುವವರು ದಾರಿಯಿಂದಲೇ ಕೂಗಿ ಕೇಳುತ್ತಾರೆ. ಪ್ಯಾಡ್ ಬೇಕಾದರೆ ಮಾತ್ರ ಮಡಚಿದ ಚೀಟಿ ಬರುತ್ತದೆ, ಅದೂ ಏಳೆಂಟು ವರ್ಷದ ಮಗುವಿನ ಕೈಯಲ್ಲಿ. ಅದನ್ನು ಹಳೆ ಪೇಪರಿನಲ್ಲಿ ಸುತ್ತಿ, ಮೇಲಿಂದ ಕಪ್ಪು ತೊಟ್ಟೆಗೆ ಹಾಕಿ ಕೊಡಬೇಕು. ಇಡೀ ಅಂಗಡಿಯಲ್ಲಿ ಎರಡು ಹೊದಿಕೆ ಇರುವ ಸಾಮಾನು ಅದೊಂದೇ. ನಮ್ಮ ಕಡೆ ಎಲ್ಲ ಪ್ಯಾಡಿಗೂ ವಿಸ್ಪರ್ ಎಂದೇ ಹೆಸರು. ಆ ಇಂಗ್ಲಿಷ್ ಪದದ ಅರ್ಥವೇ ಪಿಸುಮಾತು. 2018ರ ಜುಲೈಯಲ್ಲಿ ಕೇಂದ್ರ ಸರಕಾರ ಪ್ಯಾಡಿನ ಮೇಲಿದ್ದ ಶೇಕಡಾ 12 ಜಿಎಸ್‌ಟಿ ತೆಗೆಯಿತು. ತೆರಿಗೆ ಹೋಯಿತು, ಸುತ್ತುವ ಪೇಪರು ಹೋಗಲಿಲ್ಲ. 2023ರ ಜನವರಿಯಲ್ಲಿ ಕೇರಳ ಸರಕಾರ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರಿಗೆ ಮುಟ್ಟಿನ ರಜೆಯನ್ನು ಲೆಕ್ಕ ಹಿಡಿದು ಹಾಜರಿಯಲ್ಲಿ ವಿನಾಯಿತಿ ಕೊಟ್ಟಿತು. ಸರಕಾರಿ ಆದೇಶದಲ್ಲಿ ಅಚ್ಚಾದ ಪದವನ್ನು ನಮ್ಮ ಊಟದ ಹಾಸಿನ ಸುತ್ತ ಇನ್ನೂ ಯಾರೂ ಹೇಳುವುದಿಲ್ಲ.

ಹೇಳದಿದ್ದರೆ ಏನು ಹೋಯಿತು ಎಂದು ಕೇಳಬಹುದು. ಹೋಗುವುದು ಹುಡುಗಿಯ ಹೆಸರು. ಶಾಲೆಯಲ್ಲಿ ಓಟದ ಅಭ್ಯಾಸಕ್ಕೆ ಬರುವ ಹನ್ನೆರಡು ಹದಿಮೂರರ ಮಗಳನ್ನು ಯೋಚಿಸಿ. ತಿಂಗಳಲ್ಲಿ ಎರಡು ದಿನ ಆಕೆಗೆ ಆಗುವುದಿಲ್ಲ. ಪಿಟಿ ಮೇಷ್ಟ್ರ ಹತ್ತಿರ ಇದ್ದದ್ದನ್ನು ಹೇಳುವ ಹಾಗಿಲ್ಲ. ಆದ್ದರಿಂದ ಒಂದು ತಿಂಗಳು ಜ್ವರ, ಮುಂದಿನ ತಿಂಗಳು ಉಮ್ಮನಿಗೆ ಹುಷಾರಿಲ್ಲ, ಅದರ ಮುಂದಿನ ತಿಂಗಳು ನೆಂಟರು ಬಂದಿದ್ದಾರೆ. ಮೂರನೇ ಸಲಕ್ಕೆ ಮೇಷ್ಟ್ರು ಈ ಹುಡುಗಿಗೆ ಮನಸ್ಸಿಲ್ಲ ಎಂದು ತೀರ್ಮಾನಿಸುತ್ತಾರೆ. ಆಕೆಯ ಬಳಿ ಇದ್ದದ್ದು ಕಾರಣ. ನಾವು ಬಾಯಿ ಮುಚ್ಚಿಸಿದ್ದರಿಂದ ಅದು ನೆಪವಾಯಿತು. ನಂತರ ನೆಪ ಹೇಳುವವಳು ಎಂದು ನಾವೇ ದೂರುತ್ತೇವೆ. ವರ್ಷ ಕಳೆಯುವಾಗ ಅಂಥ ಮಗಳು ತಾನಾಗಿಯೇ ಮೈದಾನ ಬಿಡುತ್ತಾಳೆ, ಯಾಕೆ ಬಿಟ್ಟಳೆಂದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.

ನೋವು ಮಾಮೂಲಿಗಿಂತ ಹೆಚ್ಚಾಗಿದ್ದರೂ ಇದೇ ಕತೆ. ರಕ್ತಸ್ರಾವ ಜಾಸ್ತಿಯಾಗಿ ರಕ್ತಹೀನತೆ ಬಂದಿರಬಹುದು, ಡಾಕ್ಟರಿಗೆ ತೋರಿಸಬೇಕಾದ ಬೇರೆ ತೊಂದರೆ ಇರಬಹುದು. ಹೊಟ್ಟೆನೋವು ಎಂಬ ಒಂದೇ ಪದದ ಅಡಿಯಲ್ಲಿ ಎಲ್ಲವನ್ನೂ ತಳ್ಳಿದರೆ ಗೊತ್ತಾಗುವುದು ಹೇಗೆ?

ನೋಂಬಿನ ತಿಂಗಳನ್ನೇ ನೋಡಿ. ಆ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ನೋಂಬು ಇಲ್ಲ, ಬಿಟ್ಟದ್ದನ್ನು ಆಮೇಲೆ ಲೆಕ್ಕ ಮಾಡಿ ಹಿಡಿಯಬೇಕು. ಇದು ನಮ್ಮಲ್ಲಿ ಮದರಸಕ್ಕೆ ಹೋದ ಎಲ್ಲರಿಗೂ ಗೊತ್ತಿರುವ ಮಸಲೆ. ಕಿತಾಬಿನಲ್ಲಿ ಬಿಡಿಸಿ ಬರೆದಿದೆ, ಉಸ್ತಾದರು ಪಾಠ ಮಾಡುತ್ತಾರೆ. ಆದರೂ ಎಷ್ಟು ಮನೆಗಳಲ್ಲಿ ಹುಡುಗಿಯರು ಅಡಿಗೆಕೋಣೆಯ ಬಾಗಿಲು ಎಳೆದುಕೊಂಡು, ಅಣ್ಣತಮ್ಮಂದಿರ ಕಣ್ಣು ತಪ್ಪಿಸಿ ಎರಡು ತುತ್ತು ನುಂಗುವುದಿಲ್ಲ? ನಿನಗೆ ನೋಂಬು ಇದೆಯಾ ಎಂದು ತಮ್ಮ ಕೇಳಿದರೆ ಹೌದು ಎನ್ನಬೇಕಾಗುತ್ತದೆ. ಕೊಟ್ಟ ರಿಯಾಯಿತಿಯನ್ನು ಬಳಸಿಕೊಳ್ಳಲು ಸುಳ್ಳು ಹೇಳಬೇಕು ಎಂಬ ನಿಯಮವನ್ನು ಮಾಡಿದವರು ನಾವು.

ಈ ಮಾತಿಗೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಮೊದಲನೆಯದು, ಅವಳು ಚೀನಾದವಳು, ಈಜುಡುಗೆ ಹಾಕಿದವಳು, ನಮ್ಮ ಮಕ್ಕಳಿಗೆ ಅವಳ ಮಾದರಿ ಯಾಕೆ ಎಂಬುದು. ಉಡುಪಿನ ಚರ್ಚೆಯನ್ನು ಅವರವರ ಮನೆಗೆ ಬಿಡುತ್ತೇನೆ. ನಾನು ಹೇಳುತ್ತಿರುವುದು ಬಾಯಿಯ ವಿಷಯ. ಇದ್ದದ್ದನ್ನು ಇದ್ದಂತೆ ಹೇಳುವುದಕ್ಕೆ ಯಾವ ಉಡುಪೂ ಅಡ್ಡ ಬರುವುದಿಲ್ಲ.

ಎರಡನೆಯದು ನಾಚಿಕೆಯ ಪ್ರಶ್ನೆ. ನಾಚಿಕೆ ಒಳ್ಳೆಯ ಗುಣ ಎಂದು ಉಮ್ಮಂದಿರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಎಲ್ಲರೂ ಫೂ ಥರ ಟಿವಿ ಮುಂದೆ ಹೇಳಬೇಕೆಂದು ಯಾರೂ ಕೇಳುತ್ತಿಲ್ಲ. ಆಕೆ ಕೂಡ ಜಾಹೀರಾತು ಮಾಡಲಿಕ್ಕೆ ಹೋದವಳಲ್ಲ, ಕೇಳಿದ ಪ್ರಶ್ನೆಗೆ ಸುಳ್ಳು ಹೇಳದೆ ಉತ್ತರಿಸಿದಳು ಅಷ್ಟೆ. ನಾಚಿಕೆ ಬೇಕಾದದ್ದು ತಪ್ಪು ಕೆಲಸಕ್ಕೆ. ಪ್ರತಿ ತಿಂಗಳೂ ತಾನಾಗಿ ಆಗುವ ಒಂದು ಸಂಗತಿಗೆ ಹನ್ನೆರಡು ವರ್ಷದ ಮಗು ಕಳ್ಳರಂತೆ ಅಡಗಬೇಕಾಗಿ ಬಂದರೆ ಅದನ್ನು ನಾಚಿಕೆ ಎನ್ನುವುದು ಸರಿಯಲ್ಲ.

ಮೂರನೆಯ ಆಕ್ಷೇಪದಲ್ಲಿ ತೂಕ ಇದೆ. ಇದನ್ನೆಲ್ಲ ಹೇಳಲು ಬಿಟ್ಟರೆ ಹುಡುಗಿಯರಿಗೆ ಕೆಲಸ ತಪ್ಪಿಸಲು ದಾರಿಯಾಗುತ್ತದೆ, ಹುಡುಗಿಯರು ದುರ್ಬಲರು ಎಂಬ ಮಾತಿಗೂ ಬಲ ಬರುತ್ತದೆ ಎನ್ನುತ್ತಾರೆ. ಎರಡಕ್ಕೂ ಫು ರಿಯೊದಲ್ಲೇ ಉತ್ತರ ಕೊಟ್ಟಿದ್ದಾಳೆ. ಮುಟ್ಟಾಗಿದ್ದ ದಿನವೇ ಒಲಿಂಪಿಕ್ಸ್ ಫೈನಲಿನಲ್ಲಿ ಈಜಿದವಳು ಆಕೆ. ಕಾರಣ ಹೇಳಿದ ಉಸಿರಿನಲ್ಲೇ ಅದು ನೆಪವಲ್ಲ ಎಂದವಳೂ ಆಕೆಯೇ. ಮುಚ್ಚಿಡುವ ಕಡೆ ಯಾರದು ಕಾರಣ, ಯಾರದು ನೆಪ ಎಂದು ಬೇರೆ ಮಾಡಲಿಕ್ಕೇ ಆಗುವುದಿಲ್ಲ. ಹೇಳಲು ಬಿಟ್ಟರೆ ಆಗುತ್ತದೆ.

ಜನಪ್ರಿಯತೆಯ ಬಗ್ಗೆ ಕೊನೆಯದಾಗಿ ಒಂದು ಮಾತು. 2017ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಫು ತನ್ನ ಇಷ್ಟದ 50 ಮೀಟರಿನಲ್ಲಿ ಬ್ರೆಜಿಲಿನ ಎಟಿಯೆನೆ ಮೆಡೆರೋಸ್‌ಗೆ ಮತ್ತೆ ಸೆಕೆಂಡಿನ ನೂರನೇ ಒಂದಂಶದಿಂದಲೇ ಸೋತಳು, 27.14 ಮತ್ತು 27.15. ಲಕ್ಷಾಂತರ ಅಭಿಮಾನಿಗಳಿದ್ದರೂ ನೀರಿನಲ್ಲಿ ಅದರಿಂದ ಒಂದು ಹೆಬ್ಬೆರಳಿನಷ್ಟೂ ಲಾಭವಾಗಲಿಲ್ಲ. ಫೋನಿನ ಪ್ರೀತಿ ಹಾಗೆಯೇ, ಬಂದಷ್ಟೇ ಬೇಗ ಬೇರೆಯವರ ಕಡೆ ಹೋಗುತ್ತದೆ. ಅದರಿಂದ ನಾವು ಏನಾದರೂ ಇಟ್ಟುಕೊಳ್ಳಬೇಕೆಂದಿದ್ದರೆ ಅದು ಆಕೆಯ ಮುಖದ ಸ್ಟಿಕರ್ ಆಗಬೇಕಿಲ್ಲ.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಪ್ಯಾಡ್ ತರಲು ಏಳು ವರ್ಷದ ಮಗುವನ್ನು ಚೀಟಿ ಕೊಟ್ಟು ಕಳಿಸುವ ಬದಲು ಮನೆಯ ಗಂಡಸರು ಅಕ್ಕಿ ಬೇಳೆಯ ಜೊತೆಗೆ ತರಲಿ. ಅಂಗಡಿಯವರು ಬೇರೆ ಸಾಮಾನಿನ ಜೊತೆ ಒಂದೇ ಚೀಲಕ್ಕೆ ಹಾಕಿ ಕೊಡಲಿ. ಮಗಳು ಆಟಕ್ಕೆ ಸೇರುವಾಗ ಉಮ್ಮನೋ ಉಪ್ಪನೋ ಒಮ್ಮೆ ಶಾಲೆಗೆ ಹೋಗಿ, ತಿಂಗಳಲ್ಲಿ ಒಂದೆರಡು ದಿನ ಆಗುವುದಿಲ್ಲ ಎಂದರೆ ಒತ್ತಾಯ ಮಾಡಬೇಡಿ, ಆಗುತ್ತದೆ ಎಂದರೆ ತಡೆಯಲೂ ಬೇಡಿ ಎಂದು ಮೇಷ್ಟ್ರ ಹತ್ತಿರ ಹೇಳಿ ಬರಲಿ. ನೋಂಬಿನ ತಿಂಗಳಲ್ಲಿ ಅಡಿಗೆಕೋಣೆಯ ಬಾಗಿಲು ತೆರೆದೇ ಇರಲಿ, ತಮ್ಮನಿಗೆ ವಿಷಯ ಏನೆಂದು ಉಮ್ಮ ಒಂದು ಸಲ ಸರಿಯಾಗಿ ತಿಳಿಸಿ ಹೇಳಲಿ. ಅವನೂ ನಾಳೆ ಒಬ್ಬಳ ಗಂಡ, ಒಬ್ಬಳ ಉಪ್ಪ ಆಗುವವನೇ.

ಮತ್ತೆ ಆ ನಗಿಸುವ ವಿಡಿಯೋ ಯಾರಾದರೂ ಕಳಿಸಿದರೆ ಮಕ್ಕಳಿಗೆ ತೋರಿಸಿ, ನಗಿ. ಆಮೇಲೆ ರಿಲೇಯ ದಿನದ ವಿಡಿಯೋವನ್ನೂ ಹುಡುಕಿ ತೋರಿಸಿ, ಆಕೆ ಏನು ಹೇಳುತ್ತಿದ್ದಾಳೆಂದು ಮಗಳಿಗೂ ಮಗನಿಗೂ ಒಟ್ಟಿಗೆ ಕೂರಿಸಿ ಹೇಳಿ.